ರುಚಿ ನೋಡದೆ ಬಡಿಸಿದ ಸೊಪ್ಪು

ಹೆಂಡತಿ ಹೋದ ಮೇಲೆ ನಾನು ಬರೀ ಗಂಜಿ, ಉಪ್ಪಿನಕಾಯಿಯಲ್ಲಿ ದಿನ ಕಳೆಯುತ್ತಿದ್ದೆ. ಮುಸ್ಸಂಜೆಗೆ ಕಣ್ಣು ಮಂಜಾಗತೊಡಗಿತು. ಎತ್ತಿನ ಗಾಡಿ ಹೊಡೆಯುವವನಿಗೆ ಕಣ್ಣು ಹೋದರೆ ಅನ್ನವೂ ಹೋದಂತೆ.

ಒಂದು ಮಳೆಗಾಲದ ಸಂಜೆ ನಾರಾವಿಯ ಜೈನರ ಮನೆಗೆ ಅಕ್ಕಿ ಇಳಿಸಿ, ಎದುರಿಗಿದ್ದ ನೀರಿನ ಚೊಂಬಿಗೆ ತಡಕಾಡಿದೆ. ಮನೆಯ ಅಮ್ಮ ನೋಡಿದರು.

"ಸೊಪ್ಪು ತಿನ್ನುವುದಿಲ್ಲವಾ ಮಾರಾಯ? ಕಣ್ಣಿಗೆ ಅದೇ ಮದ್ದು."

"ಮಾಡಿ ಹಾಕುವವಳು ಇಲ್ಲ ಅಮ್ಮಾ."

ಎಲೆಯ ಹುಳ ಸತ್ತೀತೆಂದು ಮಳೆಗಾಲದಿಂದ ದೀಪಾವಳಿಯವರೆಗೆ ಸೊಪ್ಪು ತಿನ್ನುವ ಕ್ರಮ ಅವರಲ್ಲಿಲ್ಲ. ಹಾಗಿದ್ದೂ ನನ್ನನ್ನು ಅಲ್ಲೇ ಉಳಿಸಿ, ಮರುದಿನ ಬೆಳಕಿನಲ್ಲಿ ಹರಿವೆ ಸೊಪ್ಪಿನ ಎಲೆ ಎಲೆ ಮಗುಚಿ, ಹುಳ ಇಲ್ಲವೆಂದು ನೋಡಿ, ಪಲ್ಯ ಮಾಡಿ ಬಡಿಸಿದರು.

"ನಾನು ರುಚಿ ನೋಡುವ ಹಾಗಿಲ್ಲ. ಉಪ್ಪು ಸರಿ ಉಂಟಾ?"

"ಉಂಟು ಅಮ್ಮಾ."

ಆಮೇಲೆ ಹೋದಾಗಲೆಲ್ಲ ಬಡಿಸಿದರು. ಕಣ್ಣು ತಿಳಿಯಾಯಿತು. ಆ ಉಪಕಾರ ಮರೆಯಲಿಕ್ಕಿಲ್ಲ.

ದೀಪಾವಳಿ ಕಳೆದು ಅವರೇ ಆ ಪಲ್ಯ ತಿಂದ ದಿನ ನನಗೆ ಬೈಗಳು ಸಿಕ್ಕಿತು. "ಇಷ್ಟು ಸಪ್ಪೆಯನ್ನು ಹೇಗೆ ತಿಂದೆ ಮಾರಾಯ? ಬಾಯಿಗೂ ಮದ್ದು ಬೇಕಿತ್ತಾ?"