ಶೇಂದಿ ಕುಡಿತವಲ್ಲವಂತೆ

ಗೆಳತಿಯರೇ, ಅವ್ವನ ಎದೆಯ ಗಂಟು ಕ್ಯಾನ್ಸರ್ ಎಂದು ಇವತ್ತು ಖಾತ್ರಿಯಾಯಿತು. ಆದರೆ ನಾನು ಹೇಳಹೊರಟಿದ್ದು ಅದರ ನಂತರದ ಸಂಗತಿ.

"ಕುಡಿಯೋ ಚಟ ಇತ್ತೇನ್ರಿ ಅಮ್ಮಾ?" ಎಂದು ಡಾಕ್ಟರಮ್ಮ ಕೇಳಿದರು. ಅವ್ವನಿಗೆ ಸಿಟ್ಟು ಬಂತು.

"ಶೆರೆ ನನ್ನ ಗಂಡ ಕುಡೀತಿದ್ದರಿ, ನಾ ಮುಟ್ಟಿಲ್ಲ. ಬಾಣಂತನದಾಗ ಹಾಲ ಹೆಚ್ಚಾಗ್ಲಿ ಅಂತ ಅತ್ತಿ ಶೇಂದಿ ಕುಡಸ್ತಿದ್ದಳು. ಆಮ್ಯಾಲ ಖಣಿ ಕೆಲಸದಿಂದ ಬಂದು ದಿನಾ ಸಂಜಿಗಿ ಒಂದ್ ಚರಗಿ, ಮೈ ತಂಪಾಗ್ಲಿ ಅಂತ. ಅಷ್ಟೇ."

ಅವ್ವ ಹೇಳಿದ್ದು ಮೈಸೂರು ರಾಜ್ಯದ ಕಾಲದ ಮಾತು. ಆಗ ಶಹಾಬಾದದ ಕಲ್ಲಿನ ಖಣಿಗಳ ಸುತ್ತ ಈಚಲ ಮರದ ಶೇಂದಿಯನ್ನು ಯಾರೂ ಮದ್ಯವೆಂದು ಎಣಿಸುತ್ತಿರಲಿಲ್ಲ.

"ಅದೂ ಮದ್ಯನೇ ಅಮ್ಮಾ," ಎಂದರು ಡಾಕ್ಟರಮ್ಮ. "ನಿಮಗ ಅದರಿಂದಲೇ ಬಂತು ಅಂತ ನಾ ಹೇಳಲ್ಲ. ಆದ್ರ ಯಾವ ಮದ್ಯ ಆದ್ರೂ ಈ ರೋಗದ ಅಪಾಯ ಹೆಚ್ಚು ಮಾಡ್ತದ."

ಅವ್ವ ತಲೆಯಾಡಿಸಿದಳು. ತಿಳಿಯಿತು ಎಂದುಕೊಂಡೆ.

ಆಸ್ಪತ್ರೆಯ ಬಾಗಿಲಲ್ಲೇ ಚಿಂಚೋಳಿಯಿಂದ ನನ್ನ ಮಗಳ ಫೋನು ಬಂತು. ಹಸಿ ಬಾಣಂತಿ, ಕೂಸಿಗೆ ಹಾಲು ಸಾಲುತ್ತಿಲ್ಲವೆಂದು ಅಳುತ್ತಿದ್ದಳು. ಅವ್ವ ಫೋನು ಇಸಿದುಕೊಂಡಳು.

"ಅಳಬ್ಯಾಡ ಯವ್ವಾ. ನಮ್ಮ ಕಡಿ ಶೇಂದಿ ಬಂದ್ ಆಗ್ಯಾದ, ಖರೆ. ತೆಲಂಗಾಣದಾಗ ಇನ್ನಾ ಸಿಗ್ತದ. ನಿನ್ನ ಗಂಡಗ ಹೇಳು, ಗಡಿ ದಾಟಿ ತರ್ತಾನ."

ನಾನು ಫೋನು ಕಸಿದುಕೊಂಡೆ. ಅವ್ವ ಪಿಳಿಪಿಳಿ ನೋಡಿದಳು. "ಯಾಕ, ನೀ ಅದೇ ಹಾಲ ಕುಡದು ಬೆಳದಿಲ್ಲೇನು?"

ನಮ್ಮೂರ ಶೇಂದಿ ಅಂಗಡಿಗೆ ಬೀಗ ಬಿದ್ದು ವರ್ಷಗಳಾದವು. ಅತ್ತೆ ಕುಡಿಸಿದ್ದರ ಅಮಲು ಮಾತ್ರ ಅವ್ವನಿಗೆ ಇನ್ನೂ ಇಳಿದಿಲ್ಲ.