ಕೆಜಾಯಳ ಕಿರುಬೆರಳು

ನನ್ನ ಹೆಂಡತಿ ಕೆಜಾಯಳ ಬಲಗೈ ಕಿರುಬೆರಳು ಡೊಂಕು. ಹುಡುಗಿಯಾಗಿದ್ದಾಗ ಸೇಬು ಅರೆಯುವ ಗಾಣಕ್ಕೆ ಸಿಕ್ಕಿ ಮುರಿದದ್ದು.

ಕನೆಕ್ಟಿಕಟ್ ನದಿಯ ಈ ದಂಡೆಯಲ್ಲಿ ಜಮೀನ್ದಾರರು, ಶಾಸನಸಭೆಯ ದೊಡ್ಡವರು ಎಣ್ಣೆಬಣ್ಣದ ಚಿತ್ರ ಬೇಕೆಂದರೆ ಹೇಳಿಕಳಿಸುತ್ತಿದ್ದದ್ದು ನನಗೇ, ಈ ಅಸಾಹೆಲ್‌ಗೇ. ಇಂಗ್ಲೆಂಡಿನ ದೊರೆಯನ್ನು ಓಡಿಸಿದ ಮೇಲೆ ಎಲ್ಲರಿಗೂ ಗೋಡೆಗೊಂದು ಮುಖ ಬೇಕಾಗಿತ್ತು. ಅವರ ಹೆಂಗಸರು ಮುಖಕ್ಕೆಂದು ಎರಡು ಬೆಳಿಗ್ಗೆ ಕೂರುತ್ತಿದ್ದರು, ಅಷ್ಟೆ. ಆಮೇಲೆ ಅವರ ರೇಷ್ಮೆ ಗೌನು ನಮ್ಮ ಮನೆಗೆ ಬರುತ್ತಿತ್ತು. ಅದನ್ನು ತೊಟ್ಟು, ಮಡಿಲಲ್ಲಿ ಕೈಯಿಟ್ಟು ಕೆಜಾಯ ದಿನಗಟ್ಟಲೆ ಅಲುಗಾಡದೆ ಕೂರುತ್ತಿದ್ದಳು. ಒಲೆಯ ಮೇಲೆ ಬೀನ್ಸ್ ಸೀದರೂ ನಾನು ಏಳಗೊಡುತ್ತಿರಲಿಲ್ಲ.

"ಕತ್ತಿನವರೆಗೆ ಬಂದ್ರಲ್ಲ, ಇನ್ನೊಂದು ಗೇಣು ಮೇಲೆ ಬರೋಕೆ ಏನು ಕಷ್ಟ ನಿಮಗೆ?" ಎನ್ನುತ್ತಿದ್ದಳು.

"ನಿನ್ನ ಮುಖ ಎಲ್ಲಿಗೆ ಓಡಿಹೋಗುತ್ತೆ? ದಿನಾ ನೋಡ್ತೀನಲ್ಲ. ಈ ಚಳಿಗಾಲ ಕಳೀಲಿ, ನೋಡೋಣ."

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ನಗುತ್ತಿದ್ದಳು.

ಹನ್ನೊಂದು ಚಳಿಗಾಲ ಕಳೆದವು. ಹನ್ನೆರಡನೆಯದರಲ್ಲಿ ಗಂಟಲುಬೇನೆ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟಳು. ಮಗಳು ಲೋಯಿಸ್‌ಗೆ ಆಗ ಎರಡು ವರ್ಷ. ಮಣ್ಣು ಮಾಡಿ ಬಂದವನೇ ಕುಂಚ ಹಿಡಿದೆ. ಹಣೆ ಬಂತು, ಬಾಯಿ ಬರಲಿಲ್ಲ. ಟ್ರೆಡ್‌ವೆಲ್ ಜಮೀನ್ದಾರರ ಹೆಂಡತಿಯ ಬಾಯಿಯನ್ನು ಕಣ್ಣು ಮುಚ್ಚಿಕೊಂಡು ಬರೆದೇನು, ಜೊತೆಗೆ ಬಾಳಿದವಳದು ನೆನಪಿಗೆ ಬಾರದು. ನನ್ನ ಕಣ್ಣಿಗಿಷ್ಟು ಮಣ್ಣು ಹಾಕ. ಎಂಟು ಸಲ ಬರೆದೆ, ಎಂಟು ಸಲ ಒರೆಸಿದೆ.

ಒಂಬತ್ತು ತುಂಬಿದ ಲೋಯಿಸ್ "ಅಮ್ಮ ಹೇಗಿದ್ಲಪ್ಪ?" ಎಂದು ಹಟ ಹಿಡಿದಳು. ಮುಖ ಇಲ್ಲದಿದ್ದರೇನು, ಆ ಚಿತ್ರಗಳಲ್ಲಿ ಅವಳ ಕೈಯಾದರೂ ಇದೆಯಲ್ಲ ಎಂದುಕೊಂಡು ಟ್ರೆಡ್‌ವೆಲ್ಲರ ಮನೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಆ ಡೊಂಕು ಬೆರಳಿನದೇ ಮಾತು. ಅದರಲ್ಲೇ ಮೇಪಲ್ ಪಾಕ ಅದ್ದಿ ನಿನಗೆ ನೆಕ್ಕಿಸುತ್ತಿದ್ದಳು ಎಂದೆಲ್ಲ ಹೇಳಿದೆ.

ಟ್ರೆಡ್‌ವೆಲ್ಲಮ್ಮ ನಮ್ಮನ್ನು ಚಿತ್ರದ ಮುಂದೆ ಬಿಟ್ಟು ಒಳಗೆ ಹೋದರು. ನೀಲಿ ರೇಷ್ಮೆಯ ಮೇಲೆ ಎರಡು ಕೈ. ಲೋಯಿಸ್ ಕುರ್ಚಿ ಹತ್ತಿ ಬಹಳ ಹೊತ್ತು ನೋಡಿದಳು.

"ಇದು ಅಮ್ಮನ ಕೈ ಅಲ್ಲಪ್ಪ. ಬೆರಳು ನೆಟ್ಟಗಿದೆ."

ನೆಟ್ಟಗೇ ಇತ್ತು. ದೊಡ್ಡಮನೆಯವರ ಕೈಯಲ್ಲಿ ಡೊಂಕು ಕಾಣಬಾರದೆಂದು ನಾನೇ ತಿದ್ದಿದ್ದೆ. ಇದೊಂದರಲ್ಲಲ್ಲ, ಬರೆದ ಪ್ರತಿ ಚಿತ್ರದಲ್ಲೂ. ತಿದ್ದಿದ್ದೇ ಮರೆತುಹೋಗಿತ್ತು.

"ಬೇರೆ ಮನೇಲಿ ಇರ್ಬೋದಲ್ವಾ ಅಪ್ಪ? ಅಲ್ಲಿಗೆ ಹೋಗೋಣ್ವಾ?"

ಎಲ್ಲೂ ಇಲ್ಲ ಮಗಳೇ ಎನ್ನಬೇಕಿತ್ತು. "ಈ ಚಳಿಗಾಲ ಕಳೀಲಿ, ನೋಡೋಣ" ಎಂದೆ.