ನ್ಯಾಮತಿಯ ಇಬ್ಬರು ಸಿರಿಗವ್ವಂದಿರು

ಬುಧವಾರ ಸಂಜೆಯಾದರೆ ಕೊಟ್ರಮ್ಮ ಟೀಚರ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ನ್ಯಾಮತಿಯ ಆ ಓಣಿಯಲ್ಲಿ ರೇಡಿಯೋ ಇದ್ದ ಮನೆಗಳು ಇನ್ನೂ ಎರಡು ಮೂರಿದ್ದವು. ಆದರೆ ಅಲ್ಲೆಲ್ಲ ರೇಡಿಯೋ ಗಂಡಸರ ಕೈಯಲ್ಲಿತ್ತು. ವಾರ್ತೆ, ಅಡಿಕೆ ಧಾರಣೆ, ಕ್ರಿಕೆಟ್ ಮುಗಿದರೆ ಆರಿಸಿಬಿಡುತ್ತಿದ್ದರು. ಕೊಟ್ರಮ್ಮನಿಗೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು, ಪ್ರೈಮರಿ ಶಾಲೆಯ ಕೆಲಸ ಹಿಡಿದು, ತನ್ನ ಸಂಬಳದಲ್ಲಿ ತಾನು ಬದುಕುತ್ತಿದ್ದ ಮೂವತ್ತನಾಲ್ಕರ ಹೆಂಗಸು ಅವಳು. ರೇಡಿಯೋ ಅವಳೇ ಕೊಂಡದ್ದು. ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ಅದನ್ನು ಹಚ್ಚುವ ಹಕ್ಕು ಅವಳೊಬ್ಬಳಿಗೇ.

ಆ ವರ್ಷ, ಎಂದರೆ ಎಂಬತ್ತೊಂದರಲ್ಲಿ, ‘ಏಳು ಕೋಟೆಯ ಓಲೆ’ ಎಂಬ ನಾಟಕ ವಾರವಾರ ಬರುತ್ತಿತ್ತು. ಪಾಳೇಗಾರರ ಕಾಲದ ಕಥೆ. ಅದರಲ್ಲಿ ಸಿರಿಗವ್ವ ಎಂಬ ಹೆಣ್ಣುಮಗಳು ಕುದುರೆಯ ಮೇಲೆ ಕೋಟೆಯಿಂದ ಕೋಟೆಗೆ ಗುಟ್ಟಿನ ಓಲೆ ಸಾಗಿಸುತ್ತಾಳೆ. ಅವಳು ನಡೆದರೆ ಝಣ್ ಝಣ್ ಎಂದು ಸದ್ದಾಗುತ್ತದೆ. ಆ ಸದ್ದು ಕೇಳಿದೊಡನೆ ಪಡಸಾಲೆಯಲ್ಲಿ ಕೂತವರು ಮಾತು ನಿಲ್ಲಿಸುತ್ತಿದ್ದರು. ನಾಟಕ ಮುಗಿದ ಮೇಲೆ ಹಿಂದಿನ ವಾರ ಏನಾಗಿತ್ತು, ಮುಂದೆ ಏನಾದೀತು ಎಂದು ಕೊಟ್ರಮ್ಮ ಬಿಡಿಸಿ ಹೇಳಬೇಕು. ಉಳಿದವರು ಹೂಂಗುಟ್ಟಬೇಕು. ವಾರದ ಏಳು ದಿನದಲ್ಲಿ ಅವಳಿಗೆ ಬದುಕಿದ್ದೇನೆ ಅನ್ನಿಸುತ್ತಿದ್ದದ್ದು ಆ ಅರ್ಧ ಗಂಟೆಯಲ್ಲಿ.

ಪಕ್ಕದ ಮನೆಯ ಅನ್ನಪೂರ್ಣಮ್ಮನಿಗೆ ಹೊಸ ಸೊಸೆ ಬಂದದ್ದೂ ಅದೇ ವರ್ಷ. ಜಗಳೂರು ಕಡೆಯ ಹುಡುಗಿ, ಹೆಸರು ಕಸ್ತೂರಿ, ಇಪ್ಪತ್ತು ತುಂಬಿರಲಿಲ್ಲ. ಗಂಡ ಸವಳಂಗದ ಸೊಸೈಟಿಯಲ್ಲಿ ಗುಮಾಸ್ತ. ಮೊದಲ ಬುಧವಾರ ಅವಳನ್ನು ಕೈಹಿಡಿದು ಕರೆದುಕೊಂಡು ಬಂದು, ರೇಡಿಯೋದ ಹತ್ತಿರವೇ ಕೂರಿಸಿ, ಕಥೆಯನ್ನು ಮೊದಲಿಂದ ಹೇಳಿದವಳು ಕೊಟ್ರಮ್ಮನೇ.

ಮಳೆಗಾಲ ಕಳೆದ ಮೇಲೆ ಕೊಟ್ರಮ್ಮನಿಗೆ ಚನ್ನಗಿರಿಯಲ್ಲಿ ಒಂದು ವಾರ ಶಿಕ್ಷಕರ ತರಬೇತಿ ಬಂತು. ಮನೆಯ ಬೀಗದ ಕೈಯನ್ನು ಕಸ್ತೂರಿಯ ಕೈಗೆ ಕೊಟ್ಟು ಹೋದಳು. ವಾಪಸು ಬಂದವಳೇ ಚೀಲ ಕೆಳಗಿಡುವ ಮುಂಚೆ, “ಏನಾತು ಹೇಳೇ, ಸಿಕ್ಕಿಬಿದ್ಳಾ?” ಎಂದು ಕೇಳಿದಳು.

ಕಸ್ತೂರಿ ಸೆರಗು ಸೊಂಟಕ್ಕೆ ಸಿಗಿಸಿ, ಬಾಗಿಲಲ್ಲಿ ಸೇರಿದ್ದ ಓಣಿಯ ಹೆಂಗಸರ ಎದುರಿಗೇ ಹೇಳತೊಡಗಿದಳು. ಕಾವಲುಗಾರನ ಗಡಸು ದನಿ, ಪಾಳೇಗಾರನ ಕೆಮ್ಮು, ಕೊನೆಗೆ ಬಾವಿಯ ಹತ್ತಿರ ಸಿರಿಗವ್ವನ ಮಾತು. ಕೊಟ್ರಮ್ಮನ ಮೈ ಜುಮ್ಮೆಂದಿತು. ಎದುರಿಗೆ ನಿಂತಿದ್ದವಳು ಪಕ್ಕದ ಮನೆಯ ಸೊಸೆ, ಕೇಳುತ್ತಿದ್ದದ್ದು ಸಿರಿಗವ್ವನದೇ ದನಿ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.

ಮುಂದಿನ ಬುಧವಾರ ನಾಟಕ ಮುಗಿಯಿತು. ಕೊಟ್ರಮ್ಮ ಎಂದಿನಂತೆ ಗಂಟಲು ಸರಿಮಾಡಿಕೊಂಡಳು. ಆಗ ಮೂಲೆಯಿಂದ ದುರುಗಕ್ಕ, “ಇರ್ರಿ ಟೀಚರಮ್ಮ, ಆ ಬಾವಿ ಹತ್ರದ ಮಾತು ಕಸ್ತೂರಿ ಇನ್ನೊಂದ್ಸಲ ಹೇಳ್ಲಿ” ಅಂದಳು. ಎಲ್ಲರೂ ಕಸ್ತೂರಿಯ ಕಡೆ ತಿರುಗಿ ಕೂತರು. ಕೊಟ್ರಮ್ಮನಿಗೆ ಹೆಂಗಸರ ಬೆನ್ನುಗಳು ಮಾತ್ರ ಕಂಡವು. ಅಂದಿನಿಂದ ಅವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನಗುವಾಗಲೂ ಅದು ಆರುತ್ತಿರಲಿಲ್ಲ. ಆ ಹುಡುಗಿ ತನ್ನೆದುರಿಗೆ ತಗ್ಗಿಬಗ್ಗಿ ‘ಅಕ್ಕಾ, ಅಕ್ಕಾ’ ಅನ್ನುತ್ತಿದ್ದದ್ದು ಅದಕ್ಕೆ ಇನ್ನಷ್ಟು ಸೌದೆ ಒಟ್ಟುತ್ತಿತ್ತು.

ಹೊನ್ನಾಳಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಜಯದೇವಪ್ಪ ಎಂಬಾತ ಕೇಳುಗರ ಬಳಗ ಕಟ್ಟಿಕೊಂಡಿದ್ದ. ಸಂಕ್ರಾಂತಿಗೆ ಮುಂಚೆ ಮೋಟರ್‌ಸೈಕಲ್ಲಿನಲ್ಲಿ ಬಂದು ಹೇಳಿದ: “ಹಬ್ಬ ಆದ ಮೇಲಿನ ಭಾನುವಾರ ನಮ್ಮ ಹೊನ್ನಾಳಿ ಹೈಸ್ಕೂಲ್ ಹಾಲ್‌ನಾಗೆ ಸಮಾವೇಶ ಐತೆ ಟೀಚರ್ರೆ. ಚನ್ನಗಿರಿಯೋರು, ಜಗಳೂರೋರು ಎಲ್ಲಾ ಬರ್ತಾರೆ. ಸಿರಿಗವ್ವನ ದನಿ ಕೊಡ್ತಾರಲ್ಲ, ವಿಶಾಲಾಕ್ಷಮ್ಮ, ಅವ್ರೇ ಬರ್ತಾರೆ. ನಿಮಗೆ ಬೇಕಾದ ಪಾತ್ರದ ವೇಷ ಹಾಕ್ಕಂಡು ಬರ್ಬೇಕು. ಚೊಲೋ ವೇಷಕ್ಕೆ ಬಹುಮಾನ.”

ಕೊಟ್ರಮ್ಮ ಅಂದು ಊಟ ಮಾಡಲಿಲ್ಲ. ಸಿರಿಗವ್ವನನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಆದರೆ ಕೊಟ್ರಮ್ಮ ಕಂಡಿದ್ದಳು, ಮನಸ್ಸಿನೊಳಗೆ, ಎಷ್ಟೋ ಸಲ. ಶಿವಮೊಗ್ಗದಿಂದ ಕೆಂಪು ವೆಲ್ವೆಟ್ ತರಿಸಿ, ತೋಳಿಗೆ ಜರಿ ಕೊಟ್ಟು, ಉದ್ದ ಕುಪ್ಪಸ ಹೊಲಿಸಿದಳು. ರುಮಾಲಿಗೆ ಬೇಗಡೆ ಅಂಟಿಸಿದಳು. ರಟ್ಟು ಕತ್ತರಿಸಿ ಗುರಾಣಿ ಮಾಡಿದಳು. ಝಣ್ ಝಣ್ ಸದ್ದಿಗೆ ಏನು ಮಾಡುವುದು? ಬಹಳ ಯೋಚಿಸಿ ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ ನಡೆದು ನೋಡಿದಳು. ಅದೇ ಸದ್ದು. ಕನ್ನಡಿಯ ಮುಂದೆ ನಿಂತಾಗ, ಇಷ್ಟು ದಿನ ಎಲ್ಲಿದ್ದೆ ಎಂದು ತನ್ನನ್ನೇ ಕೇಳಿಕೊಳ್ಳಬೇಕು ಅನ್ನಿಸಿತು.

ಆ ಹೊತ್ತಿಗೇ ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು.

“ಅಯ್ಯೋ ಅಕ್ಕಾ, ಎಷ್ಟು ಚಂದ ಕಾಣ್ತೀರಿ!” ಅಂದಳು. ಆಮೇಲೆ ನಾಚುತ್ತ, “ನಾನೂ ಸಿರಿಗವ್ವನೇ ಆಗ್ತೀನಿ” ಅಂದಳು.

“ಒಂದೇ ಓಣಿಗೆ ಇಬ್ರು ಯಾಕೆ? ನೀನು ದಾಸಿ ಚಂದ್ರಿ ಆಗು. ನನ್ನ ಹಿಂದೆ ದೀಪ ಹಿಡ್ಕಂಡು ನಿಲ್ಲು. ನಿನಗೆ ಒಪ್ತೈತೆ.”

ಕಸ್ತೂರಿ ನೆಲ ನೋಡಿದಳು. “ಚಂದ್ರಿಗೆ ಮಾತೇ ಇಲ್ಲಲ್ಲ ಅಕ್ಕಾ.”

ನಾಲ್ಕು ದಿನ ಕಳೆದು, ಸಕ್ಕರೆ ಕೇಳುವ ನೆಪ ಮಾಡಿಕೊಂಡು ಕೊಟ್ರಮ್ಮ ಪಕ್ಕದ ಮನೆಯ ಹಿತ್ತಲಿಗೆ ಹೋದಳು. ಕಸ್ತೂರಿ ಹಳೆಯ ಹಸಿರು ನೂಲಿನ ಸೀರೆಯನ್ನು ಮೊಣಕಾಲಿಂದ ಒಂದು ಗೇಣು ಕೆಳಗೆ ಬರುವಂತೆ ಕಚ್ಚೆ ಹಾಕಿದ್ದಳು. ತವರಿನಿಂದ ತಂದ ಕರಿಕಂಬಳಿಯನ್ನು ಹೆಗಲಿಂದ ಅಡ್ಡಲಾಗಿ ಬಿಗಿದು ಕಟ್ಟಿದ್ದಳು. ಕಾಲಿಗೆ ಮಾವನ ಹಳೇ ಚಪ್ಪಲಿ. ಕುರಿಯ ಕೊರಳಿಗೆ ಕಟ್ಟುವ ಸಣ್ಣ ಗಂಟೆ ಸೊಂಟದಲ್ಲಿ. ಮುಖಕ್ಕೂ ಕೂದಲಿಗೂ ಕೆಮ್ಮಣ್ಣಿನ ಧೂಳು.

“ಇದೇನೇ, ಕುರಿ ಕಾಯಾಕೆ ಹೊಂಟೀಯಾ?”

“ರಾತ್ರಿಯೆಲ್ಲ ಕುದುರೆ ಮೇಲೆ ಬಂದೋಳಲ್ವ ಅಕ್ಕಾ? ಧೂಳು ಹತ್ತಿರ್ತೈತೆ, ಚಳಿ ಆಗಿರ್ತೈತೆ. ಅದಕ್ಕೇ ಕಂಬಳಿ.”

ಚುಚ್ಚಿ ಆಡಿದ ಮಾತಲ್ಲ ಅದು. ಆದರೂ ಕೊಟ್ರಮ್ಮನಿಗೆ ತನ್ನ ವೆಲ್ವೆಟ್ಟು ಮೈಮೇಲೆ ಇಲ್ಲದಿದ್ದರೂ ಚುಚ್ಚಿತು. ಇಷ್ಟು ದಿನ ತಾನು ಮನಸ್ಸಿನೊಳಗೆ ಕಂಡಿದ್ದ ಸಿರಿಗವ್ವನ ಮುಖ ನೆನೆಯಲು ನೋಡಿದಳು. ಬರಲೊಲ್ಲದು. ಕಂಬಳಿ ಹೊದ್ದ ಈ ಹುಡುಗಿಯೇ ಕಣ್ಣಿಗೆ ಕಟ್ಟಿದಳು. ತನ್ನದನ್ನು ಒಳಗಿನಿಂದಲೇ ಕದ್ದುಬಿಟ್ಟಳಲ್ಲ ಎಂದು ಹಲ್ಲು ಕಚ್ಚಿ ಸಕ್ಕರೆ ಮರೆತು ಬಂದಳು.

ಮರುದಿನ ಕಸ್ತೂರಿ ಬಾವಿಗೆ ಹೋದದ್ದು ನೋಡಿಕೊಂಡು ಅನ್ನಪೂರ್ಣಮ್ಮನ ಹತ್ತಿರ ಹೋದಳು. ಮುದುಕಿ ಜೋಳ ಹಸನು ಮಾಡುತ್ತಿದ್ದಳು. ಓಣಿಯಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ.

“ನಿಮಗೆ ಗೊತ್ತೈತೋ ಇಲ್ಲೋ ಅನ್ನಪೂರ್ಣಕ್ಕ. ನಿಮ್ಮ ಸೊಸೆ ಕಚ್ಚೆ ಹಾಕ್ಕಂಡು ಹೊನ್ನಾಳಿ ಸ್ಟೇಜಿನ ಮೇಲೆ ನಿಲ್ತಾಳಂತೆ. ಗಂಡಸ್ರೆಲ್ಲಾ ಇರ್ತಾರೆ. ನಾನಾದ್ರೆ ಹಿಂದೆ ಮುಂದೆ ಯಾರಿಲ್ಲದೋಳು. ನಿಮ್ಮದು ಮರ್ಯಾದಸ್ಥರ ಮನೆ, ಅದಕ್ಕೇ ಹೇಳ್ದೆ.”

ಅನ್ನಪೂರ್ಣಮ್ಮ ಮೊರ ಕೆಳಗಿಟ್ಟಳು. “ಟೀಚರಮ್ಮ, ಓಲೆ ಕದಿಯಾಕೆ ಬರ್ತಾಳಲ್ಲ ಆ ಮುದುಕಿ ಕೆಂಚಿ, ಅವಳಿಗೆ ಒಂದು ಕಣ್ಣು ಕುರುಡೋ, ಎರಡೂನೋ?”

ಕೊಟ್ರಮ್ಮ ತಬ್ಬಿಬ್ಬಾದಳು. “ಒಂದು... ಎಡಗಣ್ಣು. ನಿಮಗೆಂಗೆ ಗೊತ್ತು ಕೆಂಚಿ?”

“ಹಿತ್ತಲ ಗೋಡೆಗೆ ಒರಗಿ ಕೂತ್ರೆ ನಿಮ್ಮ ರೇಡಿಯೋ ಚೆನ್ನಾಗೇ ಕೇಳ್ತೈತೆ. ಸೊಸೆಯಂದ್ರ ಮಧ್ಯೆ ನಾನು ಬಂದು ಕೂತ್ರೆ ಅವ್ರು ನಗಾಡಲ್ಲ, ಮಾತಾಡಲ್ಲ, ಅಂತ ಬರ್ಲಿಲ್ಲ. ಒಂದೇ ಕಣ್ಣಾದ್ರೆ ಸರಿ. ಒಂದು ಕಪ್ಪು ಬಟ್ಟೆ ಸಾಕು.”

ಹಾಗಾಗಿ ಭಾನುವಾರ ಬೆಳಿಗ್ಗೆ ಹೊನ್ನಾಳಿ ಬಸ್ಸಿಗೆ ಮೂವರು ಹತ್ತಿದರು. ಕೊಟ್ರಮ್ಮ ವೇಷವನ್ನು ಟ್ರಂಕಿನಲ್ಲಿ ಮಡಿಸಿಟ್ಟುಕೊಂಡಿದ್ದಳು. ಅತ್ತೆ ಸೊಸೆ ಮನೆಯಿಂದಲೇ ವೇಷ ಕಟ್ಟಿಕೊಂಡು ಹೊರಟಿದ್ದರು. ಒಂದು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದ್ದ ಅನ್ನಪೂರ್ಣಮ್ಮನನ್ನು ನೋಡಿ ಕಂಡಕ್ಟರ್, “ಯಾವ ಆಸ್ಪತ್ರೆಗೆ ಅಜ್ಜಿ?” ಅಂದ. ಅತ್ತೆ ಸೊಸೆ ಇಬ್ಬರೂ ಬಿದ್ದುಬಿದ್ದು ನಕ್ಕರು. ಕೊಟ್ರಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಳು. ಅವಳ ಬಳಿ ಕೂತು ನಗಲು ಒಬ್ಬ ಅತ್ತೆಯೂ ಇರಲಿಲ್ಲ.

ಹೈಸ್ಕೂಲ್ ಹಾಲಿನ ಬಾಗಿಲಲ್ಲೇ ಅವಳು ಟ್ರಂಕು ಕೆಳಗಿಟ್ಟಳು. ಎಲ್ಲಿ ನೋಡಿದರೂ ಸಿರಿಗವ್ವಂದಿರು! ಜಗಳೂರಿನವಳೊಬ್ಬಳು ಧಾರೆಸೀರೆ ಉಟ್ಟು, ಸೊಂಟಕ್ಕೆ ಡಾಬು ಕಟ್ಟಿದ್ದಳು. ಕಾಲೇಜು ಹುಡುಗಿಯೊಬ್ಬಳು ಅಣ್ಣನ ಪ್ಯಾಂಟು ಹಾಕಿದ್ದಳು. ಮೀಸೆ ಬೋಳಿಸಿದ ಗಂಡಸೂ ಒಬ್ಬನಿದ್ದ. ಚನ್ನಗಿರಿಯ ಓಬಳಪ್ಪ ಕುರಿಯ ತುಪ್ಪಟದಿಂದ ಮೀಸೆ ಅಂಟಿಸಿಕೊಂಡು ಪಾಳೇಗಾರನಾಗಿ ಓಡಾಡುತ್ತಿದ್ದ. ಅವನಿಗೆ ಎಲ್ಲರೂ ಸ್ನೇಹಿತರೇ. ಸಿರಿಗವ್ವಂದಿರು ಮಾತ್ರ ಒಬ್ಬರನ್ನೊಬ್ಬರು ಸವತಿಯರಂತೆ ನೋಡುತ್ತಿದ್ದರು.

ವಿಶಾಲಾಕ್ಷಮ್ಮ ಬಂದರು. ಐವತ್ತು ದಾಟಿದ ಕುಳ್ಳನೆಯ ಹೆಂಗಸು, ದಪ್ಪ ಗಾಜಿನ ಕನ್ನಡಕ, ಹತ್ತಿ ಸೀರೆ. ಹಾಲಿನಲ್ಲಿ ಸ್ವಲ್ಪ ಹೊತ್ತು ಯಾರಿಗೂ ಚಪ್ಪಾಳೆ ತಟ್ಟಲು ತೋಚಲಿಲ್ಲ. ಅವರು ಮೈಕಿನ ಮುಂದೆ ನಿಂತು ಸಿರಿಗವ್ವನ ಒಂದೇ ಒಂದು ಮಾತು ಆಡಿದರು. ಆಮೇಲೆ ಹಾಲಿನ ಸೂರು ಹಾರಿಹೋಗುವಂತೆ ಗದ್ದಲವಾಯಿತು.

“ಅಮ್ಮಾರೆ, ಆ ಝಣ್ ಝಣ್ ಏನ್ರಿ?” ಎಂದು ಯಾರೋ ಕೂಗಿ ಕೇಳಿದರು.

“ಅದಾ? ನಮ್ಮ ಆಫೀಸ್ ಬೀರುವಿನ ಬೀಗದ ಕೈ ಗೊಂಚಲು” ಎಂದು ವಿಶಾಲಾಕ್ಷಮ್ಮ ನಕ್ಕರು.

ಆಗಲೇ ವೇಷ ತೊಟ್ಟು ಕೂತಿದ್ದ ಕೊಟ್ರಮ್ಮ ಎದೆಯುಬ್ಬಿಸಿ ಸೊಂಟದ ಗೊಂಚಲು ಮುಟ್ಟಿಕೊಂಡಳು. ತನ್ನೊಬ್ಬಳದೇ ಸರಿ! ಸ್ಟೇಜ್ ಹತ್ತಿ, ರುಮಾಲು ಮಿಂಚಿಸುತ್ತ, ಶಾಲೆಯಲ್ಲಿ ಪದ್ಯ ಓದುವಂತೆ ಸ್ಪಷ್ಟವಾಗಿ ಮಾತು ಹೇಳಿದಳು. ಚೆನ್ನಾಗಿ ಚಪ್ಪಾಳೆ ಬಿತ್ತು.

ಕಸ್ತೂರಿಯ ಸರದಿ ಬಂದಾಗ ಅವಳು ಮೈಕಿನ ಮುಂದೆ ಬಂದು, ಜನರನ್ನು ನೋಡಿ ಹೆದರಿ, ಬೆನ್ನು ತಿರುಗಿಸಿ ನಿಂತುಬಿಟ್ಟಳು. ಕೊಟ್ರಮ್ಮನಿಗೆ ಖುಷಿಯಾಯಿತು. ಆಗ ಆ ಕಂಬಳಿ ಹೊದ್ದ ಬೆನ್ನಿನಿಂದ ದನಿ ಬಂತು. ಬಾವಿಕಟ್ಟೆಯ ಮೇಲೆ ಸಿರಿಗವ್ವ ತನ್ನ ಸತ್ತ ಕುದುರೆಯ ಜೊತೆ ಆಡುವ ಮಾತು. ಎದುರಿಗೆ ಕೂತಿದ್ದ ವಿಶಾಲಾಕ್ಷಮ್ಮ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಾತು ಮುಗಿದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡದ್ದು ಕೇಳಿಸಿತು.

ವೇಷದ ಬಹುಮಾನ ಕೊಟ್ರಮ್ಮನಿಗೇ ಬಂತು. ಸ್ಟೀಲಿನ ದೊಡ್ಡ ಡಬ್ಬಿ. ಅದನ್ನು ಎದೆಗವಚಿಕೊಂಡು ಸ್ಟೇಜಿನಿಂದ ಇಳಿದರೆ, ಜನವೆಲ್ಲ ಇನ್ನೊಂದು ಮೂಲೆಯಲ್ಲಿತ್ತು. ಅಲ್ಲಿ ವಿಶಾಲಾಕ್ಷಮ್ಮ ಕಸ್ತೂರಿಯ ಕೈಹಿಡಿದು, “ಭದ್ರಾವತಿ ರೇಡಿಯೋ ನಿಲಯಕ್ಕೆ ಬಾಮ್ಮ, ದನಿ ಪರೀಕ್ಷೆ ಮಾಡ್ತಾರೆ. ಶನಿವಾರ ನಾನೇ ಇರ್ತೀನಿ” ಎನ್ನುತ್ತಿದ್ದರು. ಡಬ್ಬಿಯನ್ನು ಯಾರೂ ನೋಡಲಿಲ್ಲ. ಗೆದ್ದದ್ದು ತಾನು, ಹಾಗಿದ್ದರೂ ಆ ಮೂಲೆಯಲ್ಲಿ ಧೂಳು ಮೆತ್ತಿಕೊಂಡು ತಾನು ನಿಂತಿರಬಾರದಿತ್ತೇ ಎಂದು ಅವಳಿಗೆ ಅನ್ನಿಸಿತು.

“ಟೀಚರಮ್ಮ ಕರ್ಕಂಡು ಹೋಗೋದಾದ್ರೆ ಕಳಿಸ್ತೀನಿ” ಎಂದಳು ಅನ್ನಪೂರ್ಣಮ್ಮ. ಎಲ್ಲರೂ ಕೊಟ್ರಮ್ಮನನ್ನು ನೋಡಿದರು. “ಅದಕ್ಕೇನು” ಅನ್ನದೆ ದಾರಿಯಿರಲಿಲ್ಲ.

ಮೊದಲ ಶನಿವಾರ ಅವಳಿಗೆ ತಲೆನೋವು ಬಂತು. ಎರಡನೇ ಶನಿವಾರ ಶಾಲೆಯಲ್ಲಿ ಇನ್ಸ್‌ಪೆಕ್ಷನ್ ಇದೆ ಎಂದಳು. ಮೂರನೇ ವಾರ ಅನ್ನಪೂರ್ಣಮ್ಮ ಗೋಡೆಯಾಚೆಯಿಂದಲೇ ಹೇಳಿದಳು: “ನಿಮಗ್ಯಾಕೆ ತೊಂದ್ರೆ ಟೀಚರಮ್ಮ? ಕೇಳ್ಕಂತ ಕೇಳ್ಕಂತ ನಾವಿಬ್ರೇ ಹೋಗಿ ಬರ್ತೀವಿ.”

ತಾನಿಲ್ಲದೆ ಇವರಿಬ್ಬರೂ ರೇಡಿಯೋ ನಿಲಯ ನೋಡುವುದೇ? ಬಂದು ಓಣಿಯ ತುಂಬ ವರ್ಣಿಸುವುದೇ? ಆ ಯೋಚನೆಯನ್ನು ಕೊಟ್ರಮ್ಮ ತಾಳಲಾರದೆ ಹೋದಳು. “ನಿಮಗೆ ಬಸ್ಸು ಬದಲಾಯಿಸಾಕೆ ಎಲ್ಲಿ ಗೊತ್ತಾಗ್ತೈತೆ? ನಾನೇ ಬರ್ತೀನಿ” ಎಂದು ಅವಸರದಲ್ಲಿ ಸೀರೆ ಬದಲಾಯಿಸಿದಳು.

ಭದ್ರಾವತಿಯಲ್ಲಿ ಒಳಗೆ ಬಿಟ್ಟದ್ದು ಕಸ್ತೂರಿಯನ್ನು ಮಾತ್ರ. ಕೊಟ್ರಮ್ಮ ಹೊರಗಿನ ಬೆಂಚಿನ ಮೇಲೆ ಕೂತು, ಮುಚ್ಚಿದ ಬಾಗಿಲು ನೋಡುತ್ತ, ಹುಡುಗಿಯ ಗಂಟಲು ಕಟ್ಟಲಿ ಎಂದು ಒಮ್ಮೆ, ಕಟ್ಟದಿರಲಿ ಎಂದು ಒಮ್ಮೆ ಬೇಡಿಕೊಂಡಳು. ಕಸ್ತೂರಿ ನಗುತ್ತ ಹೊರಬಂದಳು.

ನಾಟಕಗಳಲ್ಲಿ ಅವಳಿಗೆ ಮೊದಲು ಸಿಕ್ಕಿದ್ದು ಸಂತೆಯಲ್ಲಿ ತರಕಾರಿ ಮಾರುವವಳ ಎರಡು ಮಾತು. ಆಮೇಲೆ ನೆರೆಮನೆಯವಳು, ತಂಗಿ, ಸೂಲಗಿತ್ತಿ. ಆ ಬುಧವಾರಗಳಲ್ಲಿ ಓಣಿಯ ಹೆಂಗಸರೆಲ್ಲ ಕೊಟ್ರಮ್ಮನ ಮನೆಯಲ್ಲೇ ಸೇರಿ ಕಸ್ತೂರಿಯನ್ನು ಕೇಳುತ್ತಿದ್ದರು. ಮರುದಿನ ಬೆಳಿಗ್ಗೆ ಕೊಟ್ರಮ್ಮ ಹಿತ್ತಲ ಗೋಡೆಯ ಬಳಿ ನಿಂತು ತಪ್ಪು ಎಣಿಸುತ್ತಿದ್ದಳು: “‘ಶಾಂತಿ’ ಅನ್ನೋದ್ನ ‘ಸಾಂತಿ’ ಅಂದೆ. ಉಸಿರು ಎಳ್ಕಂಡಿದ್ದು ಕೇಳ್ತು. ಸೂಲಗಿತ್ತಿ ಅಷ್ಟು ಮೆಲ್ಲಗೆ ಮಾತಾಡ್ತಾಳೇನೇ?” ಒಂದನ್ನೂ ಬಿಡುತ್ತಿರಲಿಲ್ಲ, ಒಂದನ್ನೂ ಸವಿಯಾಗಿ ಹೇಳುತ್ತಿರಲಿಲ್ಲ. ಕಸ್ತೂರಿ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಕೇಳಿ, ಅಲ್ಲೇ ತಿದ್ದಿ ಎರಡು ಮೂರು ಸಲ ಹೇಳುತ್ತಿದ್ದಳು.

ಎಂಬತ್ತನಾಲ್ಕರಲ್ಲಿ ಅವಳಿಗೆ ಮೊದಲ ಸಲ ದೊಡ್ಡ ಪಾತ್ರ ಬಂತು. ಅರ್ಧ ಗಂಟೆಯ ನಾಟಕ, ಬಹುಪಾಲು ಅವಳೊಬ್ಬಳದೇ ಮಾತು. ಕೊಟ್ರಮ್ಮ ರೇಡಿಯೋಗೆ ಕಿವಿ ಹಚ್ಚಿ ಕೂತು, ಒಂದೊಂದು ಅಕ್ಷರವನ್ನೂ ಹಿಡಿದು ನೋಡಿದಳು. ಹೆಂಗಸರು ಎದ್ದು ಹೋದ ಮೇಲೂ ತಲೆಯೊಳಗೆ ಮತ್ತೊಮ್ಮೆ ಕೇಳಿದಳು.

ಬೆಳಿಗ್ಗೆ ಕಸ್ತೂರಿ ಗೋಡೆಯ ಬಳಿ ಕಾಯುತ್ತಿದ್ದಳು. “ಅಕ್ಕಾ, ನಿನ್ನೆ ಎಲ್ಲೆಲ್ಲಿ ತಪ್ಪಿದೆ?”

ಕೊಟ್ರಮ್ಮ ಒಗೆದ ಸೀರೆಯನ್ನು ಜಾಡಿಸಿ ಹಗ್ಗದ ಮೇಲೆ ಹಾಕಿದಳು. ನಿರಿಗೆ ಬಿಡಿಸಿ ನಿಧಾನಕ್ಕೆ ಎಳೆದಳು.

“ತಲೆನೋವಿತ್ತು ಕಣೇ” ಅಂದಳು. “ನಾನು ಸರಿಯಾಗಿ ಕೇಳ್ಲಿಲ್ಲ.”